ಚೆಂಡಿಗೂ ವೆಡ್ಜ್‌ಗೂ ನಡುವೆ

ಒಂದೇ ವೆಡ್ಜ್ (ಚೆಂಡನ್ನು ಎತ್ತರಕ್ಕೆ ಎತ್ತಿ ಹೊಡೆಯುವ ಓರೆ ಮುಖದ ಗಾಲ್ಫ್ ಕೋಲು, ಅಂದರೆ ಕ್ಲಬ್), ಒಂದೇ ಬಗೆಯ ಚೆಂಡು, ನನಗೆ ತಿಳಿದ ಮಟ್ಟಿಗೆ ಒಂದೇ ಸ್ವಿಂಗ್. ಆದರೂ ಚಿತ್ರದುರ್ಗದ ಹೊರಗಿನ ಬೋಳು ಹೊಲದಲ್ಲಿ ನಿಂತು ಹೊಡೆದಾಗ ಚೆಂಡು ತಗ್ಗಾಗಿ, ಸುಂಯ್ ಎನ್ನುವ ಸದ್ದಿನೊಂದಿಗೆ ಹೊರಡುತ್ತದೆ. ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ, ನೀರುಂಡು ಬೆಳೆದ ದಟ್ಟ ಹುಲ್ಲಿನಿಂದ ಬೆಳಗಿನ ಹೊತ್ತು ಹೊಡೆದಾಗ ಅದು ಸದ್ದಿಲ್ಲದೆ ಮೇಲಕ್ಕೆ ತೇಲಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗವಾದ ಗ್ರೀನ್‌ನ ನಡುವೆ ಬಿದ್ದು, ಅಲ್ಲಿಂದ ಆಚೆಯ ಅಂಚಿನವರೆಗೂ ಉರುಳಿಕೊಂಡು ಹೋಗುತ್ತದೆ. ಇದು ತಿರುವುಮುರುವಾಗಿರಬೇಕಿತ್ತಲ್ಲವೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಮೆತ್ತನೆಯ ಹುಲ್ಲು, ಅಚ್ಚುಕಟ್ಟಾದ ಮೈದಾನ, ಕತ್ತರಿಸಿ ಓರಣ ಮಾಡಿದ ಗ್ರೀನ್ ಇರುವ ಜಾಗದಲ್ಲಿ ಚೆಂಡು ಹೇಳಿದ ಮಾತು ಕೇಳಬೇಕಿತ್ತು. ಕೆಮ್ಮಣ್ಣು, ಗರಸು ಕಲ್ಲು, ಶೇಂಗಾ ಕಿತ್ತ ಮೇಲೆ ಉಳಿದ ಒಣಬೇರು ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಹೊಲದಲ್ಲಿ ಚೆಂಡಿಗೆ ಅಷ್ಟು ಸ್ಪಿನ್, ಅಂದರೆ ಬಿದ್ದ ಮೇಲೆ ಅದನ್ನು ತಡೆಯುವ ಹಿಮ್ಮುಖ ಸುತ್ತು, ಹತ್ತುವುದೇಕೆ, ಖರ್ಚು ಮಾಡಿ ಸಾಕಿದ ಹುಲ್ಲಿನ ಮೇಲೆ ಅದು ಕಳೆದುಹೋಗುವುದೇಕೆ?

ವೆಡ್ಜ್ ಹೊಡೆತಕ್ಕೆ ಇನ್ನೂ ಹೆಚ್ಚು ಸ್ಪಿನ್ ಕೊಡುವುದು ಹೇಗೆಂದು ಕೇಳದ ಹವ್ಯಾಸಿ ಆಟಗಾರನನ್ನು ನಾನು ಕಂಡಿಲ್ಲ. ಟಿವಿಯಲ್ಲಿ ದೊಡ್ಡ ಆಟಗಾರರ ಚೆಂಡು ಕುಳಿಯಲ್ಲಿ ನೆಟ್ಟ ಬಾವುಟದ ಕೋಲಾದ ಪಿನ್‌ನ ಆಚೆಗೆ ಬಿದ್ದು, ಒಮ್ಮೆ ಪುಟಿದು, ತಟ್ಟನೆ ಹಿಂದಕ್ಕೆ ಸರಿದು ಬರುವುದನ್ನು ನೋಡಿದವರಿಗೆ ಅದು ಕೈಚಳಕದ ಸಂಗತಿಯೆಂದೇ ತೋರುತ್ತದೆ; ಕೊನೆಯ ಗಳಿಗೆಯಲ್ಲಿ ಮಣಿಕಟ್ಟಿನಲ್ಲಿ ಏನೋ ಒಂದು ಗುಟ್ಟು ನಡೆದಿರಬೇಕು ಎನ್ನಿಸುತ್ತದೆ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ, ಅದುವರೆಗೆ ಗಾಲ್ಫ್ ಕಡೆಗೆ ತಿರುಗಿಯೂ ನೋಡದಿದ್ದ ನನ್ನ ಬಂಧುಗಳು ಕೂಡ ಬೆಳ್ಳಂಬೆಳಗ್ಗೆ ಟಿವಿ ಮುಂದೆ ಕುಳಿತಿದ್ದರು. ದೂರದ ಹೊಡೆತಕ್ಕೆ ಬಳಸುವ ಡ್ರೈವರ್‌ನಿಂದ ತನಗಿಂತ ಬಹಳ ದೂರ ಹೊಡೆಯುವವರ ನಡುವೆ ಆಕೆ ಕೊನೆಯವರೆಗೂ ಪೈಪೋಟಿಯಲ್ಲಿ ಉಳಿದದ್ದು ಗ್ರೀನ್‌ನ ಮೇಲಿನ ಮತ್ತು ಅದರ ಸುತ್ತಲಿನ ಆಟದಿಂದ. ಹಾಗೆ ಉಳಿಯಬೇಕಾದರೆ ಚೆಂಡು ಎಲ್ಲಿ ಬೀಳುತ್ತದೆ ಎಂಬುದರ ಜೊತೆಗೆ ಬಿದ್ದ ಮೇಲೆ ಎಷ್ಟು ದೂರ ಓಡುತ್ತದೆ ಎಂಬುದೂ ಆಟಗಾರನಿಗೆ ಮೊದಲೇ ಗೊತ್ತಿರಬೇಕು. ನಾನು ನೋಡಿ, ಓದಿ, ಹೊಡೆದು ತಿಳಿದುಕೊಂಡ ಮಟ್ಟಿಗೆ ಸ್ಪಿನ್‌ನ ಲೆಕ್ಕವು ಬಹುಮಟ್ಟಿಗೆ ಕಳೆಯುವ ಲೆಕ್ಕ. ಚೆಂಡಿಗೂ ಲೋಹಕ್ಕೂ ನಡುವೆ ಏನೇನು ಬಂದು ಕೂರುತ್ತದೆಯೋ ಅದನ್ನು ಒಂದೊಂದಾಗಿ ತೆಗೆಯುತ್ತ ಹೋಗಬೇಕು.

ತಾಗುವ ಗಳಿಗೆ

ಗಾಲ್ಫ್ ಚೆಂಡಿನ ತೂಕ 45.93 ಗ್ರಾಮ್ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಈ ಪುಟ್ಟ ವಸ್ತು ವೆಡ್ಜ್‌ನ ಮುಖಕ್ಕೆ ತಾಗಿಕೊಂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರಲ್ಲಿ ಅದು ಚಪ್ಪಟೆಯಾಗಿ, ಓರೆಯಾದ ಮುಖದ ಮೇಲೆ ಮೊದಲು ಜಾರಿ, ಆಮೇಲೆ ಘರ್ಷಣೆಗೆ ಸಿಕ್ಕಿಕೊಂಡು ಮೇಲ್ಮುಖವಾಗಿ ಉರುಳಲು ತೊಡಗಿ, ಮತ್ತೆ ಉಬ್ಬಿ ಹಾರಿಹೋಗಬೇಕು. ಅಮೆರಿಕದ ಪಿಜಿಎ ಟೂರ್‌ನ ಆಟಗಾರರು ಪಿಚಿಂಗ್ ವೆಡ್ಜ್‌ನಿಂದ ಪೂರ್ಣ ಸ್ವಿಂಗ್‌ನಲ್ಲಿ ಹೊಡೆದ ಚೆಂಡು ಸರಾಸರಿ ನಿಮಿಷಕ್ಕೆ 9,300ರ ಆಸುಪಾಸಿನಲ್ಲಿ ಹಿಮ್ಮುಖವಾಗಿ ಸುತ್ತುತ್ತದೆ. ಡ್ರೈವರ್‌ನಲ್ಲಿ ಇದೇ ಸಂಖ್ಯೆ 2,700ರ ಹತ್ತಿರ. 9,300 ಎಂದರೆ ಸೆಕೆಂಡಿಗೆ 150ಕ್ಕೂ ಹೆಚ್ಚು ಸುತ್ತು. ಆ ವೇಗದಲ್ಲಿ ಕೂಡ, ಎರಡು ಸಾವಿರದಲ್ಲೊಂದು ಸೆಕೆಂಡಿನಲ್ಲಿ ಚೆಂಡು ಒಂದು ಸುತ್ತಿನ ಹತ್ತನೆಯ ಒಂದು ಭಾಗದಷ್ಟೂ ತಿರುಗಲಾರದು. ಹೀಗಿರುವಾಗ ತಾಗಿದ ಮೇಲೆ ಮಣಿಕಟ್ಟನ್ನು ತಿರುಗಿಸಿ ಸ್ಪಿನ್ ಕೊಡುವೆನೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಕೈಗೆ ಸುದ್ದಿ ಮುಟ್ಟುವ ಮೊದಲೇ ಚೆಂಡು ಹೊರಟುಹೋಗಿರುತ್ತದೆ.

ಆದ್ದರಿಂದ ಸ್ಪಿನ್ ಎಷ್ಟು ಎಂಬುದನ್ನು ತೀರ್ಮಾನಿಸುವುದು ತಾಗುವುದಕ್ಕೆ ಮುಂಚೆಯೇ ಸಿದ್ಧವಾಗಿರುವ ಕೆಲವು ಸಂಗತಿಗಳು: ಕ್ಲಬ್‌ನ ವೇಗ, ಅದರ ಮುಖದ ಓರೆ, ಅದು ಕೆಳಗಿಳಿದು ಬರುವ ಕೋನ, ಚೆಂಡು ತಾಗುವ ಜಾಗ, ಮತ್ತು ಎರಡು ಮೈಗಳ ನಡುವಿನ ಘರ್ಷಣೆ. ತಾಗುವ ಗಳಿಗೆಯಲ್ಲಿ ಮುಖಕ್ಕಿರುವ ಓರೆಗೂ ಕ್ಲಬ್ ಚಲಿಸುತ್ತಿರುವ ದಿಕ್ಕಿಗೂ ನಡುವಿನ ಅಂತರವನ್ನು ಗಾಲ್ಫ್‌ನವರು ಸ್ಪಿನ್ ಲಾಫ್ಟ್ ಎನ್ನುತ್ತಾರೆ. ಇಲ್ಲಿ ಒಂದು ಜನಪ್ರಿಯ ಸಲಹೆಯನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಹೆಚ್ಚು ಸ್ಪಿನ್ ಬೇಕಾದರೆ ಇನ್ನಷ್ಟು ಕೆಳಮುಖವಾಗಿ, ಕುಟ್ಟಿದ ಹಾಗೆ ಹೊಡೆಯಿರಿ ಎಂದು ಅನೇಕರು ಹೇಳುತ್ತಾರೆ. ಆದರೆ ಹಾಗೆ ಹೊಡೆಯಲು ಹೋದವನು ಕೈಗಳನ್ನು ಮುಂದಕ್ಕೆ ಒತ್ತಿರುತ್ತಾನೆ, ಅದರಿಂದ ಮುಖದ ಓರೆಯೂ ಕಡಿಮೆಯಾಗುತ್ತದೆ. 56 ಡಿಗ್ರಿಯ ವೆಡ್ಜ್ ತಾಗುವಾಗ 46 ಡಿಗ್ರಿಗೆ ಬಂದಿದೆ, 5 ಡಿಗ್ರಿ ಕೆಳಮುಖವಾಗಿ ಇಳಿದಿದೆ ಎಂದುಕೊಳ್ಳಿ; ಅಂತರ 51. ಕೈಗಳನ್ನು ಇನ್ನಷ್ಟು ಒತ್ತಿ 9 ಡಿಗ್ರಿ ಕೆಳಮುಖವಾಗಿ ಹೊಡೆದಾಗ ಮುಖ 42ಕ್ಕೆ ಇಳಿದಿದ್ದರೆ ಅಂತರ ಮತ್ತೆ 51. ಚೆಂಡು ತಗ್ಗಾಗಿ ಹೋಗುತ್ತದೆ, ಮಣ್ಣು ಜೋರಾಗಿ ಹಾರುತ್ತದೆ, ಆದರೆ ಸ್ಪಿನ್ ಹೆಚ್ಚಲು ಅದೊಂದೇ ಕಾರಣ ಸಾಲದು. ಕೆಳಮುಖ ಹೊಡೆತದ ನಿಜವಾದ ಲಾಭವೆಂದರೆ ಹುಲ್ಲನ್ನೂ ನೆಲವನ್ನೂ ಮುಟ್ಟುವ ಮೊದಲು ಲೋಹ ಚೆಂಡನ್ನು ಮುಟ್ಟುತ್ತದೆ ಎಂಬುದು. ಇನ್ನು ಓರೆಯನ್ನೇ ಬೆಳೆಸುತ್ತ ಹೋದರೂ ಒಂದು ಮಿತಿಯ ಆಚೆಗೆ ಚೆಂಡು ಸಿಕ್ಕಿಕೊಳ್ಳದೆ ಉದ್ದಕ್ಕೂ ಜಾರಿಕೊಂಡೇ ಹೋಗುತ್ತದೆ. 60 ಡಿಗ್ರಿಯ ವೆಡ್ಜ್‌ನಲ್ಲಿ ನಿಲ್ಲದ ಚೆಂಡು 64 ಡಿಗ್ರಿಯದನ್ನು ಕೊಂಡರೆ ನಿಂತೀತು ಎಂಬ ನಂಬಿಕೆಯಿಂದ ಲಾಭವಾಗುವುದು ಅಂಗಡಿಯವನಿಗೆ.

ಸೊಂಟದ ಟವೆಲು

ದಾವಣಗೆರೆಯಲ್ಲಿ ನನ್ನ ಅಕ್ಕನ ಮನೆ ಇದೆ. ಒಂದು ಚಳಿಗಾಲದ ಸಂಜೆ ಅಲ್ಲಿನ ಮೈದಾನವೊಂದರಲ್ಲಿ ಹುಡುಗರು ದೀಪದ ಬೆಳಕಿನಲ್ಲಿ ಕ್ರಿಕೆಟ್ ಆಡುತ್ತಿದ್ದುದನ್ನು ನೋಡುತ್ತ ಕಟ್ಟೆಯ ಮೇಲೆ ಕುಳಿತಿದ್ದೆ. ಅವರಲ್ಲೊಬ್ಬ, ಹದಿನೈದು ಹದಿನಾರರ ವಯಸ್ಸಿನವನು, ಲೆಗ್ ಸ್ಪಿನ್ ಹಾಕುತ್ತಿದ್ದ. ಇಬ್ಬನಿ ಬೀಳಲು ಶುರುವಾಗಿತ್ತು. ಅವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಣ್ಣ ಟವೆಲಿನಿಂದ ಪ್ರತಿ ಎಸೆತಕ್ಕೆ ಮುಂಚೆಯೂ ಚೆಂಡನ್ನು ಒರೆಸುತ್ತಿದ್ದ, ಚೆಂಡಾದ ಮೇಲೆ ಬೆರಳುಗಳನ್ನು ಒರೆಸುತ್ತಿದ್ದ, ಆಮೇಲೂ ಸಮಾಧಾನವಿಲ್ಲದೆ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಬ್ಯಾಟ್ ಹಿಡಿದವನು ಬೇಸತ್ತು ಕೂಗಿದರೂ ಇವನ ಕ್ರಮ ಬದಲಾಗಲಿಲ್ಲ. ಆಟ ಮುಗಿದ ಮೇಲೆ ಮಾತಿಗೆ ಸಿಕ್ಕ. ನನ್ನ ಚೀಲದಲ್ಲಿದ್ದ ಗಾಲ್ಫ್ ಚೆಂಡನ್ನು ಕೈಯಲ್ಲಿ ಹಿಡಿದು ಅದರ ಗುಳಿಗಳ ಮೇಲೆ ಬೆರಳಾಡಿಸುತ್ತ, ಇದಕ್ಕೆ ಹೊಲಿಗೆಯೇ ಇಲ್ಲವಲ್ಲ, ಎಲ್ಲಿ ಹಿಡಿಯುತ್ತೀರಿ ಎಂದು ಕೇಳಿದ. ಹಿಡಿಯುವುದಿಲ್ಲ, ಕಬ್ಬಿಣದ ಮುಖದಿಂದ ಹೊಡೆಯುತ್ತೇವೆ ಎಂದೆ. ಹಾಗಾದರೆ ಆ ಕಬ್ಬಿಣವೇ ನಿಮ್ಮ ಬೆರಳು, ಅದನ್ನು ಒರೆಸುತ್ತೀರಾ ಎಂದ.

ಲೆಗ್ ಸ್ಪಿನ್ನರ್‌ನ ಬೆರಳಿಗೂ ವೆಡ್ಜ್‌ನ ಮುಖಕ್ಕೂ ಇರುವ ಈ ಹೋಲಿಕೆಯನ್ನು ಆಮೇಲೆ ಯೋಚಿಸಿದಷ್ಟೂ ಅದು ಬಲವಾಗುತ್ತ ಹೋಯಿತು. ಅನಿಲ್ ಕುಂಬ್ಳೆಯವರ ಫ್ಲಿಪ್ಪರ್ ನೋಡಿ ಬೆಳೆದ ತಲೆಮಾರಿನವರಿಗೆ ಬ್ಯಾಕ್‌ಸ್ಪಿನ್ ಹೊಸದೇನಲ್ಲ. ಬೆರಳುಗಳ ನಡುವೆ ಹಿಂಡಿ ಬಿಟ್ಟ ಆ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಗಾಳಿಯಲ್ಲಿ ಅಂದಾಜಿಗಿಂತ ಮುಂದೆ ಬಂದು ಬೀಳುತ್ತದೆ, ಬಿದ್ದ ಮೇಲೆ ಏಳದೆ ತಗ್ಗಾಗಿ ನುಗ್ಗುತ್ತದೆ. ಅದೇ ಬಗೆಯ ಸುತ್ತನ್ನು ವೆಡ್ಜ್ ಕೂಡ ಕೊಡುತ್ತದೆ; ವ್ಯತ್ಯಾಸವೇನೆಂದರೆ ನಮ್ಮ ಚೆಂಡು ಕಡಿದಾದ ಕೋನದಲ್ಲಿ ಮೇಲಿನಿಂದ ಬೀಳುವುದರಿಂದ ಅದರ ಮುನ್ನಡೆಯ ವೇಗ ಕಡಿಮೆ, ಸುತ್ತಿನ ಹಿಡಿತ ಹೆಚ್ಚು. ಇಬ್ಬರಿಗೂ ಬೇಕಾದದ್ದು ಒಣ ಮೈ. ಆ ಹುಡುಗ ಚೆಂಡು ಮತ್ತು ಬೆರಳು ಎರಡನ್ನೂ ಒರೆಸುತ್ತಿದ್ದ. ಬೆಳಗಿನ ಗಾಲ್ಫ್ ಮೈದಾನದಲ್ಲಿ ನಾನು ನೋಡುವ ಆಟಗಾರರಲ್ಲಿ ಹೆಚ್ಚಿನವರು ಗ್ರೀನ್ ತಲುಪಿದ ಮೇಲೆ ಚೆಂಡನ್ನು ಒರೆಸುತ್ತಾರೆ, ವೆಡ್ಜ್‌ನ ಮುಖವನ್ನು ಚೀಲಕ್ಕೆ ಹಾಕುವ ಮುಂಚೆ ಶಾಸ್ತ್ರಕ್ಕೆಂಬಂತೆ ಒಮ್ಮೆ ಸವರುತ್ತಾರೆ. ಫೇರ್‌ವೇಯಲ್ಲಿರುವ, ಅಂದರೆ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿಯಲ್ಲಿರುವ, ಚೆಂಡನ್ನು ಎತ್ತಿ ಒರೆಸಲು ನಿಯಮ ಸಾಮಾನ್ಯವಾಗಿ ಬಿಡುವುದಿಲ್ಲ ಎಂಬುದು ನಿಜ. ಕ್ಲಬ್‌ನ ಮುಖವನ್ನು ಹೊಡೆಯುವ ಮುಂಚೆ ಎಷ್ಟು ಸಲ ಒರೆಸಿದರೂ ಯಾರೂ ಕೇಳುವುದಿಲ್ಲ.

ನೀರು ನಡುವೆ ಬಂದಾಗ ಏನಾಗುತ್ತದೆ ಎಂಬುದು ನನ್ನ ಬೆಂಗಳೂರಿನ ಒಗಟಿಗೆ ಅರ್ಧ ಉತ್ತರ. ಘರ್ಷಣೆ ಕುಸಿದಾಗ ಚೆಂಡು ಮುಖದ ಮೇಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಜಾರಿದ ಚೆಂಡು ಸ್ಪಿನ್ ಕಳೆದುಕೊಳ್ಳುವುದರ ಜೊತೆಗೆ ಇನ್ನೂ ಎತ್ತರವಾಗಿ ಹೊರಡುತ್ತದೆ, ಏಕೆಂದರೆ ಅದನ್ನು ಕ್ಲಬ್ ಚಲಿಸುವ ದಿಕ್ಕಿನತ್ತ ಎಳೆದುಕೊಳ್ಳಬೇಕಾಗಿದ್ದ ಹಿಡಿತ ಈಗ ಇಲ್ಲ. ನೋಡುವವರಿಗೆ ಅದು ಸುಂದರವಾದ ಹೊಡೆತ. ಎತ್ತರಕ್ಕೆ ಹೋಯಿತು, ಮೆತ್ತಗೆ ಬಿತ್ತು, ಇನ್ನು ನಿಲ್ಲಲೇಬೇಕು ಎಂದುಕೊಳ್ಳುತ್ತೇವೆ. ಆಟಗಾರರ ಚೀಲ ಹೊರುವ ಅನುಭವಿ ಕ್ಯಾಡಿಗಳು ಮಾತ್ರ ಚೆಂಡು ಹೊರಟ ಕೋನವನ್ನು ನೋಡಿಯೇ ತಲೆ ಅಲ್ಲಾಡಿಸುತ್ತಾರೆ. ಚೆನ್ನಾಗಿ ಸಿಕ್ಕಿದ ವೆಡ್ಜ್ ಹೊಡೆತ ಹೊರಡುವಾಗ ತಗ್ಗಾಗಿರುತ್ತದೆ, ಆಮೇಲೆ ಸುತ್ತಿನ ಬಲದಿಂದ ಏರುತ್ತದೆ. ದಟ್ಟ ಹುಲ್ಲು ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಚೆಂಡು ಹುಲ್ಲಿನ ತುದಿಗಳ ಮೇಲೆ ಕುಳಿತಿದ್ದರೆ ಅದು ವೆಡ್ಜ್‌ನ ಮುಖದ ಮೇಲ್ಭಾಗಕ್ಕೆ ತಾಗುತ್ತದೆ, ಅಲ್ಲಿ ತಾಗಿದ ಚೆಂಡು ಸುತ್ತು ಕಡಿಮೆಯಾಗಿ ಮೇಲೆ ತೇಲುತ್ತದೆ. ಚೆಂಡು ಹುಲ್ಲಿನೊಳಗೆ ಇಳಿದಿದ್ದರೆ ಎಸಳುಗಳು ಮಧ್ಯೆ ಸಿಕ್ಕಿ ಹಿಂಡಿಕೊಂಡು ತಮ್ಮ ರಸವನ್ನೇ ಅಲ್ಲಿ ಬಿಡುತ್ತವೆ. ಬೋಳು ಹೊಲದಲ್ಲಿ ಈ ಎರಡೂ ಇಲ್ಲ. ಚೆಂಡು ನೆಲಕ್ಕೆ ಅಂಟಿಕೊಂಡು ಕುಳಿತಿರುವುದರಿಂದ ಅದು ಮುಖದ ಮೇಲೆ ಕೊರೆದಿರುವ ಗೆರೆಗಳಲ್ಲಿ ಕೆಳಗಿನ ಮೂರು ನಾಲ್ಕರ ಹತ್ತಿರ ತಾಗುತ್ತದೆ, ನಡುವೆ ಬರುವುದಕ್ಕೆ ಏನೂ ಇರುವುದಿಲ್ಲ.

ಶೇಂಗಾ ಕಿತ್ತ ಹೊಲ

ಆ ಹೊಲ ಹೊಳಲ್ಕೆರೆಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿದೆ, ಸ್ನೇಹಿತನದು. ಶೇಂಗಾ ಕಿತ್ತಾದ ಮೇಲೆ ಮುಂದಿನ ಮಳೆಯವರೆಗೂ ಅಲ್ಲಿ ಯಾರಿಗೂ ಹೆಚ್ಚಿನ ಕೆಲಸವಿರುವುದಿಲ್ಲ. ಆಳುಗಳಾಗಲಿ ದನಕರುಗಳಾಗಲಿ ಇಲ್ಲದ ಹೊತ್ತು ನೋಡಿಕೊಂಡು, ಒಂದು ತುದಿಯಲ್ಲಿ ಹಳೆಯ ಗೋಣಿಚೀಲ ಹಾಸಿ, ಇನ್ನೊಂದು ತುದಿಯಿಂದ ಅದರ ಮೇಲೆ ಬೀಳಿಸುವುದು ನನ್ನ ಅಭ್ಯಾಸ. ಗಟ್ಟಿ ನೆಲದ ಒಂದು ಉಪಕಾರವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಹುಲ್ಲಿನ ಮೇಲೆ ಚೆಂಡಿಗಿಂತ ಒಂದು ಅಂಗುಲ ಹಿಂದೆ ನೆಲ ಮುಟ್ಟಿದರೂ ಕ್ಲಬ್ ಜಾರಿಕೊಂಡು ಹೋಗಿ ಹೇಗೋ ಚೆಂಡನ್ನು ಎತ್ತಿಬಿಡುತ್ತದೆ. ಹೊಡೆದವನಿಗೆ ಎಲ್ಲ ಸರಿಯಿತ್ತು ಎನ್ನಿಸುತ್ತದೆ, ಸ್ಪಿನ್ ಮಾತ್ರ ಇರುವುದಿಲ್ಲ. ಹೊಲದಲ್ಲಿ ಹಾಗೆ ಮುಟ್ಟಿದರೆ ವೆಡ್ಜ್ ನೆಲದಿಂದ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ಗೋಣಿಚೀಲದ ತಲೆಯ ಮೇಲೆ ಹಾದು ಬೇಲಿಯಾಚೆಗೆ ಹೋಗುತ್ತದೆ.

ಅಲ್ಲಿ ನಾನು ಮಾಡುವ ಪರೀಕ್ಷೆ ಬಹಳ ಸರಳವಾದದ್ದು. ಮನೆಯಿಂದ ಒಯ್ದ ರಂಗೋಲಿ ಪುಡಿಯಿಂದ ನೆಲದ ಮೇಲೆ ಒಂದು ನೇರ ಗೆರೆ ಎಳೆದು, ಗೆರೆಯ ಮೇಲೆ ಚೆಂಡಿಡುತ್ತೇನೆ. ಹೊಡೆದ ಮೇಲೆ ಮಣ್ಣಿನಲ್ಲಿ ಬಿದ್ದ ಗೀರು ಗೆರೆಯಿಂದ ಅಥವಾ ಅದರ ಮುಂದಿನಿಂದ ಶುರುವಾಗಿರಬೇಕು. ಗೆರೆಯ ಹಿಂದೆ ಶುರುವಾಗಿದ್ದರೆ ಆ ಹೊಡೆತ ಎಷ್ಟೇ ಚೆನ್ನಾಗಿ ಹೋಗಿರಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಲಗೈಯವರಾದರೆ ಮೈಯ ಭಾರ ಮೊದಲಿನಿಂದಲೂ ಎಡಗಾಲಿನ ಕಡೆಗೆ ಸ್ವಲ್ಪ ಹೆಚ್ಚಿರಬೇಕು, ಎದೆ ಚೆಂಡಿನ ಮೇಲಿಂದ ಮುಂದಕ್ಕೆ ತಿರುಗುತ್ತಲೇ ಇರಬೇಕು, ಚೆಂಡನ್ನು ಮೇಲೆತ್ತುವ ಹೊಣೆಯನ್ನು ಮಣಿಕಟ್ಟು ವಹಿಸಿಕೊಳ್ಳಬಾರದು. ಎತ್ತುವುದಕ್ಕೆಂದೇ ಕ್ಲಬ್‌ನಲ್ಲಿ ಅಷ್ಟೊಂದು ಓರೆ ಇಟ್ಟಿದ್ದಾರೆ. ಎತ್ತಲು ಹೋದ ಕೈ ಕ್ಲಬ್‌ನ ತಳವನ್ನು ಚೆಂಡಿಗಿಂತ ಹಿಂದೆಯೇ ನೆಲಕ್ಕೆ ಇಳಿಸಿಬಿಡುತ್ತದೆ, ಆಗ ಹುಲ್ಲಿದ್ದರೆ ಹುಲ್ಲು, ಮಣ್ಣಿದ್ದರೆ ಮಣ್ಣು ಮಧ್ಯೆ ಬಂದು ಸೇರುತ್ತದೆ. ಅಂದರೆ ತಂತ್ರವೆಂದು ಕಲಿಸುವುದರಲ್ಲೂ ಬಹುಪಾಲು ಮತ್ತೆ ಅದೇ ನಡುವಿನ ಜಾಗವನ್ನು ಖಾಲಿ ಇಡುವ ಉಪಾಯವೇ. ಉಳಿದದ್ದು ವೇಗ. ನಿಧಾನವಾದ ಉದ್ದ ಸ್ವಿಂಗ್‌ಗಿಂತ ಚಿಕ್ಕದಾದ, ಆದರೆ ಚೆಂಡಿನ ಆಚೆಗೂ ವೇಗ ಕುಗ್ಗದ ಸ್ವಿಂಗ್ ನನಗೆ ಹೆಚ್ಚು ಫಲ ಕೊಟ್ಟಿದೆ. ಇಪ್ಪತ್ತು ಗಜದ ಚಿಪ್‌ನಲ್ಲಿ, ಅಂದರೆ ಗ್ರೀನ್ ಬಳಿಯ ಸಣ್ಣ ಹೊಡೆತದಲ್ಲಿ, ಟಿವಿಯ ಹಾಗೆ ಚೆಂಡು ಹಿಂದೆ ಬರಲೆಂದು ಬಯಸುವುದು ವ್ಯರ್ಥ. ಅಷ್ಟು ಸುತ್ತು ಹುಟ್ಟಲು ಬೇಕಾದ ವೇಗ ಆ ಹೊಡೆತದಲ್ಲಿ ಇರುವುದೇ ಇಲ್ಲ.

ಹೊಲದ ಕೆಮ್ಮಣ್ಣು ಇನ್ನೊಂದು ಸಂಗತಿಯತ್ತ ಕಣ್ಣು ಹರಿಯುವಂತೆ ಮಾಡಿತು. ವೆಡ್ಜ್‌ನ ಮುಖದ ಮೇಲಿನ ಆ ಕೊರೆದ ಗೆರೆಗಳ, ಅಂದರೆ ಗ್ರೂವ್‌ಗಳ, ಅಗಲ 0.9 ಮಿಲಿಮೀಟರ್, ಆಳ 0.508 ಮಿಲಿಮೀಟರ್ ಮೀರುವಂತಿಲ್ಲ. ಅರ್ಧ ಮಿಲಿಮೀಟರ್ ಆಳದ ಗೆರೆಯನ್ನು ತುಂಬಲು ಒಂದೇ ಹೊಡೆತದ ಮಣ್ಣು ಸಾಕು. ಗ್ರೂವ್‌ನ ಅಂಚು ಚೆಂಡನ್ನು ಕಚ್ಚಿ ತಿರುಗಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಸ್ವಚ್ಛವಾದ, ಒಣಗಿದ ಜಾಗದಿಂದ ಹೊಡೆದಾಗ ಗ್ರೂವ್ ಇದ್ದರೂ ಇಲ್ಲದಿದ್ದರೂ ಸ್ಪಿನ್‌ನಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ; ಅಲ್ಲಿ ಕೆಲಸ ಮಾಡುವುದು ಲೋಹದ ಮೈಯ ಸೂಕ್ಷ್ಮ ಒರಟುತನ. ಗ್ರೂವ್‌ಗಳ ಪ್ರಯೋಜನ ಕಾಣುವುದು ಒದ್ದೆ ಇದ್ದಾಗ, ಹುಲ್ಲು ಇದ್ದಾಗ. ನೀರಿಗೂ ರಸಕ್ಕೂ ಕಸಕ್ಕೂ ಹೋಗಲು ಅವು ಜಾಗ ಕೊಡುತ್ತವೆ. ಇದು ಗೊತ್ತಿದ್ದುದರಿಂದಲೇ ಗಾಲ್ಫ್‌ನ ನಿಯಮಗಳನ್ನು ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು 2010ರ ಜನವರಿ 1ರಿಂದ ಗ್ರೂವ್‌ಗಳ ಒಳಜಾಗವನ್ನೂ ಅಂಚಿನ ಚೂಪನ್ನೂ ಮಿತಿಗೊಳಿಸಿದವು. ಉದ್ದ ಹುಲ್ಲಿನ ಜಾಗವಾದ ರಫ್‌ನಿಂದ ಹೊಡೆದವನಿಗೂ ಫೇರ್‌ವೇಯಿಂದ ಹೊಡೆದವನಿಗೂ ಸಿಗುವ ಸ್ಪಿನ್ ಒಂದೇ ಆಗಿಬಿಟ್ಟರೆ ನೇರವಾಗಿ ಹೊಡೆದದ್ದಕ್ಕೆ ಬೆಲೆಯೇನು ಎಂಬುದು ಅವರ ಕಾಳಜಿಯಾಗಿತ್ತು. ಆ ವರ್ಷದ ಆರಂಭದಲ್ಲೇ ಅಮೆರಿಕದ ಆಟಗಾರ ಫಿಲ್ ಮಿಕೆಲ್ಸನ್ ಹಳೆಯ ಪಿಂಗ್ ಐ 2 ವೆಡ್ಜ್ ಹಿಡಿದು ಆಡಲಿಳಿದು ದೊಡ್ಡ ಗದ್ದಲವಾಯಿತು. 1990ರ ಒಪ್ಪಂದವೊಂದರ ಫಲವಾಗಿ ಆ ಹಳೆಯ ಕ್ಲಬ್‌ಗಳಿಗೆ ವಿನಾಯಿತಿ ಇತ್ತು. ನಿಯಮದ ಪ್ರಕಾರ ಅವರು ಮಾಡಿದ್ದು ಸರಿಯೇ ಆಗಿದ್ದರೂ, ಜೊತೆಯ ಆಟಗಾರರೊಬ್ಬರು ಅದನ್ನು ಮೋಸವೆಂದೇ ಕರೆದರು. ಅರ್ಧ ಮಿಲಿಮೀಟರ್‌ನ ಗೆರೆಯ ಮೇಲೆ ಇಷ್ಟು ಜಗಳವಾಗಬೇಕಾದರೆ ಅದನ್ನು ಸ್ವಚ್ಛವಾಗಿಡುವುದೂ ದೊಡ್ಡ ಕೆಲಸವೇ ಇರಬೇಕು. ಈಗ ನನ್ನ ಚೀಲದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಇರುತ್ತವೆ. ಗ್ರೂವ್‌ಗಳನ್ನು ಚೂಪಾಗಿಸುವ ಸಣ್ಣ ಉಪಕರಣವೂ ಮಾರುಕಟ್ಟೆಯಲ್ಲಿದೆ, ಆದರೆ ಅದನ್ನು ಬಳಸಿದ ಕ್ಲಬ್ ನಿಯಮದ ಅಳತೆ ಮೀರುವ ಸಂಭವವಿರುವುದರಿಂದ ನಾನು ಅದರ ಗೊಡವೆಗೆ ಹೋಗಿಲ್ಲ. ಗರಸು ನೆಲ ಲೋಹವನ್ನು ಬೇಗ ಸವೆಸುತ್ತದೆ ಎಂಬುದನ್ನೂ ಹೇಳಬೇಕು. ಹೊಲಕ್ಕೆ ಒಯ್ಯುವ ವೆಡ್ಜ್ ಬೇರೆ, ಮೈದಾನಕ್ಕೆ ಒಯ್ಯುವುದು ಬೇರೆ ಎಂದು ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಗದ್ದೆಯಲ್ಲಿ ಬಿದ್ದ ಚೆಂಡು

ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿ, ಆದರೆ ಭದ್ರಾ ಕಾಲುವೆಯ ನೀರು ಮುಟ್ಟಿದ ಕಡೆ ನೆಲದ ಸ್ವಭಾವವೇ ಬೇರೆ. ಅಕ್ಕನ ಮನೆಯವರ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಕೆಲವು ದಿನ ಮಣ್ಣು ತೇವವಾಗಿಯೇ ಇರುತ್ತದೆ. ಅಲ್ಲಿ ಅದೇ ವೆಡ್ಜ್ ಹಿಡಿದು ನಿಂತಾಗ ಹೊಲದಲ್ಲಿ ಕಲಿತದ್ದು ಅರ್ಧಕ್ಕೆ ನಿಂತಿತು. ಕ್ಲಬ್ ಚೆಂಡನ್ನು ಮೊದಲು ಮುಟ್ಟಿದರೂ ಆಮೇಲೆ ಮಣ್ಣಿನೊಳಗೆ ಹೂತುಕೊಂಡು ಅಲ್ಲೇ ನಿಂತುಬಿಡುತ್ತಿತ್ತು, ಮುಂದಿನ ಸಲ ಅದರ ಹೆದರಿಕೆಯಿಂದಲೇ ಕೈ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ವೆಡ್ಜ್‌ನ ತಳದ ಹಿಂಬದಿ ಅದರ ಮುಂದಿನ ಅಂಚಿಗಿಂತ ಎಷ್ಟು ಕೆಳಗೆ ಇಳಿದಿದೆ ಎಂಬುದನ್ನು ಹೇಳುವ ಅಳತೆಗೆ ಬೌನ್ಸ್ ಎಂದು ಹೆಸರು. ಇದನ್ನು ಆಟಕ್ಕೆ ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಆಟಗಾರ ಜೀನ್ ಸಾರಜೆನ್. ತಳಕ್ಕೆ ಲೋಹ ಸೇರಿಸಿ ತಾವೇ ರೂಪಿಸಿಕೊಂಡ ಸ್ಯಾಂಡ್ ವೆಡ್ಜ್ ಹಿಡಿದು ಅವರು 1932ರ ಬ್ರಿಟಿಷ್ ಓಪನ್ ಗೆದ್ದರು. ಮರಳಿನಲ್ಲಿ ಕ್ಲಬ್ ಹೂತುಹೋಗದಂತೆ ಆ ತಳ ಅದನ್ನು ಮೇಲಕ್ಕೆ ತೇಲಿಸುತ್ತಿತ್ತು. ನಮ್ಮ ಎರಡು ಜಿಲ್ಲೆಗಳ ಲೆಕ್ಕದಲ್ಲಿ ಹೇಳುವುದಾದರೆ, ಚಿತ್ರದುರ್ಗದ ಗಟ್ಟಿ ನೆಲಕ್ಕೆ 4ರಿಂದ 6 ಡಿಗ್ರಿಯ ಬೌನ್ಸ್ ಸರಿ, ದಾವಣಗೆರೆಯ ಗದ್ದೆಯಂತಹ ನೆಲಕ್ಕೆ 12ರ ಮೇಲಿನದು ಬೇಕು. ಬೌನ್ಸ್ ನೇರವಾಗಿ ಚೆಂಡನ್ನು ತಿರುಗಿಸುವುದಿಲ್ಲ. ನೆಲಕ್ಕೆ ಹೊಂದದ ತಳವಿದ್ದರೆ ಚೆಂಡನ್ನು ಮೊದಲು, ಪೂರ್ಣ ವೇಗದಲ್ಲಿ, ಹೆದರಿಕೆಯಿಲ್ಲದೆ ಮುಟ್ಟುವುದಕ್ಕೇ ಆಗುವುದಿಲ್ಲ. ಸ್ಪಿನ್ ಕುರಿತ ಮಾತುಕತೆಯಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಮುಖದ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿ ವೆಡ್ಜ್ ಕೊಳ್ಳುವವರು ಅದನ್ನು ತಿರುಗಿಸಿ ತಳ ನೋಡುವುದು ಅಪರೂಪ.

ಗದ್ದೆಯಿಂದ ಸಿಕ್ಕ ಇನ್ನೊಂದು ತಿಳಿವಳಿಕೆ ಬೀಳುವ ತುದಿಯದು. ತೇವದ ಮಣ್ಣಿನಲ್ಲಿ ಚೆಂಡು ಬಿದ್ದ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ಕಡಿದಾಗಿ ಬಿದ್ದದ್ದರ ಗುಳಿ ದುಂಡಗೆ, ಓಡಿಕೊಂಡು ಬಂದದ್ದರ ಗುಳಿ ಉದ್ದಕ್ಕೆ. ಸಂಜೆ ಚೆಂಡು ಹೆಕ್ಕಿ ಕೊಡಲು ಬಂದ ಅಕ್ಕನ ಮಗಳು, ನಾನು ಕೇಳದಿದ್ದರೂ, ದುಂಡು ಗುಳಿಯ ಚೆಂಡುಗಳನ್ನು ಒಂದು ಬುಟ್ಟಿಗೂ ಉದ್ದ ಗುಳಿಯವನ್ನು ಇನ್ನೊಂದಕ್ಕೂ ಹಾಕಿಟ್ಟಿದ್ದಳು. ದುಂಡು ಗುಳಿಯ ಬುಟ್ಟಿಯಲ್ಲಿ ಹೊಸ ದುಬಾರಿ ಚೆಂಡುಗಳೇ ಹೆಚ್ಚಿದ್ದವು, ಉದ್ದ ಗುಳಿಯದರಲ್ಲಿ ಹಳೆಯ ಗಟ್ಟಿ ಚೆಂಡುಗಳು. ಇದಕ್ಕೆ ಹೊದಿಕೆ ಕಾರಣ. ಅಗ್ಗದ, ಬಹುಕಾಲ ಬಾಳುವ ಚೆಂಡುಗಳಿಗೆ ಸರ್ಲಿನ್‌ನಂತಹ ಗಟ್ಟಿ ಪ್ಲಾಸ್ಟಿಕ್ (ಅಯನೋಮರ್) ಹೊದಿಕೆ ಇರುತ್ತದೆ. ದುಬಾರಿ ಚೆಂಡುಗಳಿಗೆ ಮೆತ್ತನೆಯ ಯುರೆಥೇನ್ ಹೊದಿಕೆ, ಅದರ ಕೆಳಗೆ ಗಟ್ಟಿ ಪದರ. ವೆಡ್ಜ್‌ನ ಮುಖ ಯುರೆಥೇನ್ ಅನ್ನು ಕೆಳಗಿನ ಗಟ್ಟಿ ಪದರಕ್ಕೆ ಒತ್ತಿ ಹಿಡಿದಾಗ ಹಿಡಿತ ಹೆಚ್ಚುತ್ತದೆ. 2000ರಲ್ಲಿ ಬಂದ ಟೈಟಲಿಸ್ಟ್ ಪ್ರೊ ವಿ1 ಚೆಂಡು ಡ್ರೈವರ್‌ನಲ್ಲಿ ಕಡಿಮೆ ಸುತ್ತು, ವೆಡ್ಜ್‌ನಲ್ಲಿ ಹೆಚ್ಚು ಸುತ್ತು ಎಂಬ ಎರಡನ್ನೂ ಒಟ್ಟಿಗೆ ತಂದು, ದಾರ ಸುತ್ತಿದ ಹಳೆಯ ಬಾಲಾಟಾ ಚೆಂಡುಗಳನ್ನು ದೊಡ್ಡ ಆಟದಿಂದ ಬೇಗನೆ ಹೊರಗೆ ಕಳುಹಿಸಿತು. ವೆಡ್ಜ್‌ನ ಸ್ಪಿನ್‌ಗಾಗಿ ಹಣ ಖರ್ಚು ಮಾಡಲೇಬೇಕೆನ್ನುವವರು ಮೊದಲು ಚೆಂಡಿಗೆ ಮಾಡಲಿ ಎನ್ನುವುದು ನನ್ನ ಅಭಿಪ್ರಾಯ. ಕೆರೆಯಲ್ಲಿ ಮುಳುಗಿ ತೆಗೆದ ಚೆಂಡುಗಳನ್ನು ಮೈದಾನದ ಗೇಟಿನ ಹೊರಗೆ ಕಡಿಮೆ ಬೆಲೆಗೆ ಮಾರುವವರಿದ್ದಾರೆ, ಗೀರಿಲ್ಲದ ಯುರೆಥೇನ್ ಚೆಂಡು ಅಲ್ಲೂ ಸಿಗುತ್ತದೆ.

ಗಾಳಿಯ ಮಾತನ್ನು ಜೋಗಿಮಟ್ಟಿಯ ಸಾಲು ಗಾಳಿಯಂತ್ರಗಳನ್ನು ದಿನವೂ ನೋಡುವ ನಾವು ಬಿಡುವಂತಿಲ್ಲ. ಎದುರುಗಾಳಿ ಚೆಂಡಿನ ಸುತ್ತುಗಳನ್ನು ಹೆಚ್ಚಿಸುವುದಿಲ್ಲ. ಇರುವ ಸುತ್ತಿಗೆ ಹೆಚ್ಚು ಗಾಳಿಯನ್ನು ಒದಗಿಸುತ್ತದೆ, ಅದರಿಂದ ಎತ್ತುವ ಬಲ ಹೆಚ್ಚಿ ಚೆಂಡು ಮೇಲೇರಿ ಕಡಿದಾಗಿ ಬೀಳುತ್ತದೆ, ನಾವು ಅದನ್ನು ಸ್ಪಿನ್ ಜಾಸ್ತಿಯಾಯಿತು ಎಂದುಕೊಳ್ಳುತ್ತೇವೆ. ತಿರುಗುವ ಗುಂಡು ಗಾಳಿಯಲ್ಲಿ ಬಾಗುತ್ತದೆ ಎಂಬುದನ್ನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 18ನೆಯ ಶತಮಾನದಲ್ಲಿ ಬಂದೂಕಿನ ನಳಿಗೆಯನ್ನೇ ಬಗ್ಗಿಸಿ ತೋರಿಸಿದ್ದರು: ಎಡಕ್ಕೆ ಬಗ್ಗಿದ ನಳಿಗೆಯಿಂದ ಹೊರಟ ಗುಂಡು ಮೊದಲು ಎಡಕ್ಕೆ ಹೋಗಿ ಆಮೇಲೆ ಬಲಕ್ಕೆ ಹೊರಳಿತು. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಭದ್ರಪಡಿಸಲು ಬಂದ ಆತ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡರು. ಅದೇ ವಿಷಯವನ್ನು ಗಾಲ್ಫ್ ಚೆಂಡಿಗೆ ಅನ್ವಯಿಸಿ, ಹಿಮ್ಮುಖ ಸುತ್ತೇ ಚೆಂಡನ್ನು ಗಾಳಿಯಲ್ಲಿ ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂದು 1890ರ ದಶಕದಲ್ಲಿ ಹೇಳಿದವರು ಎಡಿನ್‌ಬರೋದ ಭೌತವಿಜ್ಞಾನಿ ಪಿ. ಜಿ. ಟೇಟ್. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್‌ಷಿಪ್ ಗೆದ್ದ ಆಟಗಾರ.

ಮಳೆಗಾಲದ ಮಟ್ಟಿಗೆ

ನಡುವೆ ಬರುವುದನ್ನೆಲ್ಲ ತೆಗೆಯಬಹುದೆಂದಲ್ಲ. ಜುಲೈ ತಿಂಗಳಲ್ಲಿ ಬೆಂಗಳೂರಿಗೆ ಆಡಲು ಹೋದಾಗ ಹುಲ್ಲು ಒದ್ದೆಯಾಗಿರುತ್ತದೆ, ಚೆಂಡು ಒದ್ದೆಯಾಗಿರುತ್ತದೆ, ಎತ್ತಿ ಒರೆಸಲು ಅನುಮತಿ ಇರುವುದಿಲ್ಲ. ಅಂಥ ದಿನ ನನ್ನ ಜೊತೆ ಆಡುವವರು ಸ್ಪಿನ್ ಸಾಲದೆಂದು ಇನ್ನೂ ಹೆಚ್ಚು ಓರೆಯ ವೆಡ್ಜ್ ತೆಗೆಯುತ್ತಾರೆ. ನನ್ನ ಲೆಕ್ಕ ಇದಕ್ಕೆ ತದ್ವಿರುದ್ಧ. ಓರೆ ಹೆಚ್ಚಿದಷ್ಟೂ ಚೆಂಡು ಸಿಕ್ಕಿಕೊಳ್ಳಲು ಹೆಚ್ಚು ಘರ್ಷಣೆ ಬೇಕು. ಒದ್ದೆಯಲ್ಲಿ ಇಲ್ಲದಿರುವುದು ಅದೇ. ಓರೆ ಕಡಿಮೆಯಿದ್ದರೆ ಸಿಗುವ ಅಲ್ಪ ಘರ್ಷಣೆಯಲ್ಲೂ ಚೆಂಡು ಜಾರದೆ ಉರುಳತೊಡಗಬಹುದು, ಹೊರಡುವ ಎತ್ತರವೂ ನಂಬುವಂತಿರುತ್ತದೆ. ಆದ್ದರಿಂದ 58 ಡಿಗ್ರಿಯದನ್ನು ಚೀಲದಲ್ಲೇ ಬಿಟ್ಟು 50ರದನ್ನು ತೆಗೆದುಕೊಳ್ಳುತ್ತೇನೆ, ಮುಖವನ್ನು ಒಣ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕ್ಯಾಡಿಯ ಕೈಗೆ ಕೊಟ್ಟ ತಕ್ಷಣ, ಮತ್ತೆ ಹನಿ ಬೀಳುವ ಮೊದಲು ಹೊಡೆಯುತ್ತೇನೆ. ಪಿನ್ ಗ್ರೀನ್‌ನ ಹಿಂಭಾಗದಲ್ಲಿದ್ದರೆ ಚೆಂಡನ್ನು ಮುಂಭಾಗದಲ್ಲೇ ಬೀಳಿಸಿ ಉಳಿದದ್ದನ್ನು ಉರುಳಲು ಬಿಡುತ್ತೇನೆ. ಪಿನ್ ಮುಂಭಾಗದಲ್ಲೇ ಇದ್ದು ನಡುವೆ ಮರಳಿನ ಗುಂಡಿ, ಅಂದರೆ ಬಂಕರ್, ಬಿದ್ದಿದ್ದರೆ, ಗ್ರೀನ್‌ನ ಮಧ್ಯಕ್ಕೆ ಹೊಡೆದು ಕುಳಿಯತ್ತ ಉರುಳಿಸುವ ಎರಡು ಪಟ್‌ಗಳಲ್ಲಿ ಮುಗಿಸಲು ನೋಡುತ್ತೇನೆ.